ಹಳೆಯ ಕಾಂಪೌಂಡ್ ಬಿಲ್ಲಿನ ಬಾಣವೇಗ ಎಲ್ಲಿ ಸೋರಿತು: ಒಂದು ದುರಸ್ತಿಯ ದಾಖಲೆ

ತುದಿಗಳಲ್ಲಿ ತಿರುಗುವ ಚಕ್ರಗಳಿರುವ ಕಾಂಪೌಂಡ್ ಬಿಲ್ಲು ಹಳತಾದಂತೆ ಬಾಣದ ವೇಗ ಕುಂದುವುದು ಒಂದೇ ದಿನದಲ್ಲಿ ಗೊತ್ತಾಗುವ ಸಂಗತಿಯಲ್ಲ. ಐವತ್ತು ಮೀಟರಿನಲ್ಲಿ ಬಾಣಗಳು ತುಸು ಕೆಳಗೆ ಬೀಳುತ್ತಿವೆಯೆಂದು, ಗುರಿ ನೋಡುವ ಸಾಧನವಾದ ಸೈಟನ್ನು ಅರ್ಧ ಮಿಲಿಮೀಟರ್ ಇಳಿಸುತ್ತೇವೆ, ಬಿಸಿಲೋ ಗಾಳಿಯೋ ತೋಳಿನ ದಣಿವೋ ಕಾರಣವಿರಬೇಕೆಂದು ಸುಮ್ಮನಾಗುತ್ತೇವೆ, ಮುಂದಿನ ಬೇಸಿಗೆಯಲ್ಲಿ ಮತ್ತೆ ಅರ್ಧ ಮಿಲಿಮೀಟರ್ ಇಳಿಸುತ್ತೇವೆ. ನನ್ನ ಬಿಲ್ಲಿನಲ್ಲಿ ಹೀಗೆ ಇಳಿಯುತ್ತಾ ಹೋದ ಸೈಟು ಪಟ್ಟಿಯ ಕೆಳತುದಿಯ ಸಮೀಪಕ್ಕೆ ಬಂದು, ಹೊರಟ ಬಾಣದ ಗರಿ ಸೈಟಿನ ಮಸೂರವಾದ ಸ್ಕೋಪಿನ ಕೆಳ ಅಂಚಿಗೆ ತಾಗೀತೇನೋ ಎಂಬಷ್ಟಾದಾಗ, ಇದನ್ನು ಕ್ರಮವಾಗಿ ಅಳೆದು ನೋಡಲೇಬೇಕೆಂದು ನಿರ್ಧರಿಸಿದೆ. ಬಿಲ್ಲನ್ನು ನೋಡಿದ ತರಬೇತುದಾರರೊಬ್ಬರು ಅಳತೆಗೆ ಮುಂಚೆಯೇ ತೀರ್ಪು ಕೊಟ್ಟಿದ್ದರು: “ಲಿಂಬ್ ಸೋತಿದೆ ಸಾರ್, ಇನ್ನು ಇದರ ಮೇಲೆ ದುಡ್ಡು ಹಾಕಬೇಡಿ.” ಹಳೆಯ ಬಿಲ್ಲಿನ ವಿಚಾರದಲ್ಲಿ ಎಲ್ಲರೂ ಮೊದಲು ಹೇಳುವ ಮಾತೇ ಇದು. ನನ್ನ ಮಟ್ಟಿಗೆ ಲಿಂಬ್‌ಗಳು, ಅಂದರೆ ಬಿಲ್ಲಿನ ಬಾಗುವ ತೋಳುಗಳು, ಅನುಮಾನದ ಸಾಲಿನಲ್ಲಿ ಕೊನೆಯಲ್ಲಿ ನಿಲ್ಲಬೇಕಾದವು. ಅವುಗಳಿಗಿಂತ ಮುಂಚೆ ವಿಚಾರಿಸಬೇಕಾದ ಬಾಣ, ಹೆದೆ ಮತ್ತು ಕೇಬಲ್‌ಗಳನ್ನು ಅಳೆಯುವುದು ಸುಲಭವೂ ಅಗ್ಗವೂ ಆಗಿದೆ.

ಬಿಲ್ಲು ಸುಮಾರು ಹನ್ನೆರಡು ವರ್ಷ ಹಳೆಯದು, ಗುರಿಹಲಗೆಗೆ ಹೊಡೆಯಲೆಂದೇ ಮಾಡಿದ ಎರಡು ಕ್ಯಾಮ್‌ಗಳ (ಲಿಂಬ್ ತುದಿಯಲ್ಲಿ ತಿರುಗುವ ಚಕ್ರಗಳ) ವಿನ್ಯಾಸ. ಕ್ಯಾಮ್ ತಿರುಗುವ ಅಚ್ಚಾದ ಮೇಲಿನ ಆಕ್ಸಲ್‌ನಿಂದ ಕೆಳಗಿನ ಆಕ್ಸಲ್‌ಗೆ 38 ಇಂಚು, ಲಿಂಬ್‌ಗಳ ಎಳೆತದ ವ್ಯಾಪ್ತಿ 50ರಿಂದ 60 ಪೌಂಡ್. ಇಂಥ ಬಿಲ್ಲಿನಲ್ಲಿ ಒಂದೊಂದು ಕ್ಯಾಮ್‌ನಿಂದಲೂ ಒಂದೊಂದು ಕೇಬಲ್ ಹೊರಟು, ಎದುರು ತುದಿಯಲ್ಲಿ ಕವಲೊಡೆದು, ಆಚೆ ಬದಿಯ ಆಕ್ಸಲ್‌ನ ಎರಡೂ ಪಕ್ಕಗಳನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಎಂಬವರಿಗೆ 1969ರಲ್ಲಿ ಪೇಟೆಂಟ್ ದೊರೆತ ಮೂಲ ಕಾಂಪೌಂಡ್ ಬಿಲ್ಲಿನ ತತ್ತ್ವವೇ ಇಲ್ಲಿಯೂ ಇದೆ: ಹೆದೆಯನ್ನು ಎಳೆದಾಗ ಅದು ಕ್ಯಾಮ್‌ನಿಂದ ಬಿಚ್ಚಿಕೊಳ್ಳುತ್ತದೆ, ಅದೇ ಹೊತ್ತಿಗೆ ಕೇಬಲ್ ಕ್ಯಾಮ್‌ನ ಮೇಲೆ ಸುತ್ತಿಕೊಂಡು ಎದುರಿನ ಲಿಂಬನ್ನು ಬಗ್ಗಿಸುತ್ತದೆ. ಬಾಣಕ್ಕೆ ಸಿಗುವ ಶಕ್ತಿಯೆಲ್ಲ ಲಿಂಬ್‌ನಲ್ಲಿ ಕೂಡಿಟ್ಟದ್ದೇ ಆದರೂ, ಎಷ್ಟು ಕೂಡಿಡಬೇಕೆಂಬುದನ್ನು ನಿರ್ಧರಿಸುವುದು ಕೇಬಲ್‌ನ ಉದ್ದ ಮತ್ತು ಕ್ಯಾಮ್‌ನ ನಿಲುವು.

ವೇಗ ಕುಂದಿದೆ ಎನ್ನಬೇಕಾದರೆ ಮೊದಲು ಎಷ್ಟಿತ್ತು ಎಂಬುದು ತಿಳಿದಿರಬೇಕು. ಕಂಪನಿಗಳು ಜಾಹೀರಾತಿನಲ್ಲಿ ಕೊಡುವ, ಬಿಲ್ಲುಬೇಟೆಗಾರರ ಸಂಸ್ಥೆಯೊಂದರ ಹೆಸರಿನ ಐಬಿಓ ವೇಗ ಈ ಕೆಲಸಕ್ಕೆ ಬಾರದು; ಅದು 70 ಪೌಂಡ್ ಎಳೆತ, 30 ಇಂಚು ಡ್ರಾ ಲೆಂತ್ (ಎಳೆತದ ಉದ್ದ) ಮತ್ತು ಕೇವಲ 350 ಗ್ರೇನ್ ತೂಕದ ಬಾಣದ ಲೆಕ್ಕ, ಅಂದರೆ ಪೌಂಡಿಗೆ 5 ಗ್ರೇನ್. ಹೆದೆಯ ಮೇಲೆ ಪೀಪ್ (ಇಣುಕಿ ಗುರಿ ನೋಡುವ ಸಣ್ಣ ಕಿಂಡಿ) ಇತ್ಯಾದಿಗಳ ಹೊರೆಯೂ ಆ ಲೆಕ್ಕದಲ್ಲಿ ಇರುವುದಿಲ್ಲ. ಅದೃಷ್ಟವಶಾತ್ ನನ್ನ ಬಿಲ್ಲಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಹಳೆಯ ಚೀಟಿಯೊಂದನ್ನು ಅಂಟಿಸಿಟ್ಟಿದ್ದೆ: ಗರಿಷ್ಠ ಎಳೆತ 58 ಪೌಂಡ್, ಡ್ರಾ ಲೆಂತ್ 28½ ಇಂಚು, ಬ್ರೇಸ್ ಹೈಟ್ (ಹಿಡಿಯಿಂದ ಹೆದೆಗಿರುವ ದೂರ) 7¼ ಇಂಚು, ಬಾಣ 372 ಗ್ರೇನ್, ವೇಗ ಸೆಕೆಂಡಿಗೆ 268 ಅಡಿ. ಜೊತೆಗೆ 20 ಮತ್ತು 50 ಮೀಟರಿನ ಸೈಟ್ ಗುರುತುಗಳೂ ಇದ್ದವು. ಈ ಕೊನೆಯ ಎರಡು ಅಂಕಿಗಳು ಎಷ್ಟು ಬೆಲೆಯುಳ್ಳವೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬಾಣದ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಐವತ್ತು ಮೀಟರಿನ ಗುರುತು ಕೆಳಗಿಳಿದ ಮಾತ್ರಕ್ಕೆ ವೇಗ ಕಡಿಮೆಯಾಗಿದೆಯೆಂದು ಹೇಳಲು ಬರುವುದಿಲ್ಲ. ಹೆದೆಯಲ್ಲಿನ ಪೀಪ್ ಒಂದು ಮಿಲಿಮೀಟರ್ ಜರುಗಿದರೂ ಗುರುತು ಅಷ್ಟೇ ಜರುಗುತ್ತದೆ. ಆದರೆ ಪೀಪ್ ಜರುಗಿದ್ದರಿಂದ ಆಗುವ ವ್ಯತ್ಯಾಸ 20 ಮೀಟರಿನಲ್ಲೂ 50 ಮೀಟರಿನಲ್ಲೂ ಪಟ್ಟಿಯ ಮೇಲೆ ಒಂದೇ ಅಳತೆಯದಾಗಿರುತ್ತದೆ. ವೇಗ ಕುಂದಿದ್ದರಿಂದ ಆಗುವ ವ್ಯತ್ಯಾಸವಾದರೋ ದೂರದ ಜೊತೆಗೆ ಬೆಳೆಯುತ್ತದೆ, 20ರಲ್ಲಿ ಎರಡು ಮಿಲಿಮೀಟರ್ ಇಳಿದರೆ 50ರಲ್ಲಿ ಐದು ಇಳಿಯುತ್ತದೆ. ಆದ್ದರಿಂದ ಎರಡು ಗುರುತುಗಳ ನಡುವಿನ ಅಂತರವನ್ನು ಮಾತ್ರ ನೋಡಿದರೆ ಪೀಪ್‌ನ ಗೊಂದಲ ತಾನಾಗಿ ಕಳೆದುಹೋಗುತ್ತದೆ. ಚೀಟಿಯ ಪ್ರಕಾರ ನನ್ನ ಹಳೆಯ ಅಂತರ 19.2 ಮಿಲಿಮೀಟರ್, ಈಗ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ 22.0 ಬಂತು. ಗುರುತ್ವವೇಗೋತ್ಕರ್ಷ 9.81ನ್ನು ಎರಡು ದೂರಗಳ ವ್ಯತ್ಯಾಸದಿಂದ, ಅಂದರೆ 30 ಮೀಟರಿನಿಂದ ಗುಣಿಸಿ, ಪೂರ್ಣ ಎಳೆತದಲ್ಲಿ ಪೀಪ್‌ನಿಂದ ಸ್ಕೋಪ್‌ಗೆ ಇರುವ ದೂರದಿಂದ ಮತ್ತೆ ಗುಣಿಸಿ (ನನ್ನದು 0.85 ಮೀಟರ್), ಬಂದದ್ದನ್ನು ಅಂತರದ ಎರಡರಷ್ಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ಬಾಣದ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. ಹಳೆಯ ಅಂತರಕ್ಕೆ 80.7 ಮೀಟರ್, ಹೊಸ ಅಂತರಕ್ಕೆ 75.4 ಮೀಟರ್ ಬಂತು. ಅಡಿಗಳಲ್ಲಿ 265 ಮತ್ತು 247. ಗಾಳಿಯ ಪ್ರತಿರೋಧವನ್ನು ಈ ಲೆಕ್ಕ ಗಣನೆಗೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ನಿಜವಾದ ವೇಗಕ್ಕಿಂತ ಮೂರು ನಾಲ್ಕು ಅಡಿ ಕಡಿಮೆಯನ್ನೇ ತೋರಿಸುತ್ತದೆ, ಆದರೆ ಎರಡು ಕಾಲಗಳ ಹೋಲಿಕೆಗೆ ಅದರಿಂದ ಬಾಧಕವಿಲ್ಲ. ವೇಗ ನಿಜವಾಗಿಯೂ ಕುಂದಿತ್ತು, ಅದೂ ಹದಿನೆಂಟು ಅಡಿಯ ಆಸುಪಾಸಿನಲ್ಲಿ.

ಇದನ್ನು ಕ್ರೋನೋಗ್ರಾಫ್‌ನಲ್ಲಿ ಖಚಿತಪಡಿಸಿಕೊಂಡೆ. ಬೆಳಕಿನ ಸಂವೇದಕಗಳ ಮೇಲೆ ಬಾಣದ ನೆರಳು ಹಾಯುವುದನ್ನು ಲೆಕ್ಕ ಹಾಕುವ ಸಾಮಾನ್ಯ ಯಂತ್ರವಿದು. ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ವಿದ್ಯುತ್ತಿನ ಮಿಣುಕಿಗೆ ಸಿಕ್ಕಿ ಸುಳ್ಳು ಅಂಕಿಗಳನ್ನು ಕೊಡುತ್ತದೆ, ಬಾಣ ಓರೆಯಾಗಿ ಹಾಯ್ದರೂ ತಪ್ಪುತ್ತದೆ. ಹಾಗಾಗಿ ಹಗಲಿನ ನೆರಳಿನಲ್ಲಿ, ಬಿಲ್ಲಿನ ಮುಂದೆ ಒಂದು ಮೀಟರಿನಲ್ಲಿ ಮಟ್ಟ ನೋಡಿ ನಿಲ್ಲಿಸಿ, ಮೊದಲು ಗೆಳೆಯರೊಬ್ಬರ ಹೊಸ ಬಿಲ್ಲಿನಿಂದ ಹೊಡೆಸಿ ಅವರಿಗೆ ಗೊತ್ತಿದ್ದ ವೇಗವೇ ಬರುತ್ತದೆಯೆಂದು ನೋಡಿಕೊಂಡೆ. ನನ್ನ ಬಿಲ್ಲು ಸೆಕೆಂಡಿಗೆ 251 ಅಡಿ ತೋರಿಸಿತು. ಅದೇ ಬಿಲ್ಲನ್ನು ಆ ಗೆಳೆಯರೂ ಎಳೆದು ಹೊಡೆದರು. ಎಳೆತವನ್ನು ಕ್ಯಾಮ್‌ನಲ್ಲಿರುವ ಡ್ರಾ ಸ್ಟಾಪ್ ಎಂಬ ಗೂಟ ಒಂದೇ ಜಾಗದಲ್ಲಿ ತಡೆಯುವ ಬಿಲ್ಲಾದ್ದರಿಂದ ಇಬ್ಬರ ಅಂಕಿಗಳೂ ಹೊಂದಬೇಕು, ಹೊಂದಿದವು. ಎಳೆದ ಮೇಲೆ ಆ ತಡೆಗೆ, ಬಿಲ್ಲುಗಾರರ ಮಾತಿನಲ್ಲಿ ಗೋಡೆಗೆ, ಒತ್ತಿ ಹಿಡಿಯದೆ ಸಡಿಲ ಬಿಡುವ ಅಭ್ಯಾಸವಿರುವವರು ಇಲ್ಲಿಯೇ ಎರಡು ಮೂರು ಅಡಿ ಕಳೆದುಕೊಳ್ಳುತ್ತಾರೆ. ಅಂಥವರ ಬಿಲ್ಲಿಗೆ ದುರಸ್ತಿ ಬೇಕಿಲ್ಲ.

ಮುಂದಿನ ಪ್ರಶ್ನೆ ಬಾಣದ್ದು. ಚಿನ್ನದಂಗಡಿಗಳಲ್ಲಿ ಇರುವಂಥ, ಗ್ರಾಂನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿಯಲ್ಲಿಟ್ಟು ನೋಡಿದಾಗ ಈಗಿನ ಬಾಣಗಳು 25.27 ಗ್ರಾಂ ತೂಗಿದವು, ಅಂದರೆ 390 ಗ್ರೇನ್. ಒಂದು ಗ್ರಾಂಗೆ 15.43 ಗ್ರೇನ್. ಹಳೆಯ 372 ಗ್ರೇನ್ ಬಾಣ 24.11 ಗ್ರಾಂ. ಶಾಫ್ಟ್ (ಬಾಣದ ಕಡ್ಡಿ) ಅದೇ ಆದರೂ ನಡುವೆ ಎಂದೋ ಮೊನೆಯನ್ನು 10 ಗ್ರೇನ್ ಭಾರದ್ದಕ್ಕೆ ಬದಲಾಯಿಸಿದ್ದು, ಹೆದೆಗೆ ಕಚ್ಚುವ ಹಿಂತುದಿಗೆ ಪಿನ್ ನಾಕ್ ಹಾಕಿಸಿದ್ದು, ಗರಿ ತುಸು ದೊಡ್ಡದಾದದ್ದು ಎಲ್ಲ ಸೇರಿ 18 ಗ್ರೇನ್ ಏರಿತ್ತು. ಪೆಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಬಾಣಗಳನ್ನೇ ಹೊಡೆದಾಗ 256 ಅಡಿ ಬಂತು. ಮೂರು ನಾಲ್ಕು ಗ್ರೇನಿಗೆ ಒಂದು ಅಡಿ ಎಂಬ ಬಿಲ್ಲುಗಾರರ ಸ್ಥೂಲ ಲೆಕ್ಕಕ್ಕೆ ಇದು ಸರಿಹೊಂದುತ್ತದೆ. ಕುಂದಿದ ಹದಿನೇಳು ಅಡಿಯಲ್ಲಿ ಈ ಐದು, ಬಿಲ್ಲಿನ ದೋಷವೇ ಅಲ್ಲ; ಉಳಿದದ್ದು ಹನ್ನೆರಡು.

ಹೆದೆಯ ಮೇಲೆ ಏನೇನು ಕುಳಿತಿದೆಯೆಂದು ನೋಡಿದಾಗ ಅಲ್ಲಿಯೂ ವರ್ಷಗಳ ಸಂಗ್ರಹವಿತ್ತು: ಲೋಹದ ದೊಡ್ಡ ಪೀಪ್, ತುಟಿಗೆ ತಾಗುವ ಕಿಸರ್ ಗುಂಡಿ, ಸದ್ದಡಗಿಸುವ ರಬ್ಬರ್ ಎಳೆಗಳು. ಹೆದೆಯ ನಡುಭಾಗ ಬಾಣದಷ್ಟೇ ವೇಗವಾಗಿ ಓಡುವುದರಿಂದ ಅಲ್ಲಿ ಕುಳಿತ ಭಾರವನ್ನೂ ಬಿಲ್ಲು ತಳ್ಳಬೇಕಾಗುತ್ತದೆ. ಕ್ಯಾಮ್‌ನ ಹತ್ತಿರ ಹೆದೆಗೆ ಕಚ್ಚಿಸಿದ ಸಣ್ಣ ಹಿತ್ತಾಳೆ ಭಾರಗಳ ಮಾತು ಬೇರೆ. ಅವನ್ನು ತಯಾರಕರು ವೇಗಕ್ಕೆಂದೇ ಹಾಕಿರುತ್ತಾರೆ, ತೆಗೆಯಬಾರದು. ಕಿಸರ್ ಮತ್ತು ರಬ್ಬರನ್ನು ತೆಗೆದು ಪೀಪನ್ನು ಹಗುರದ್ದಕ್ಕೆ ಬದಲಿಸಿದಾಗ ಒಟ್ಟು ಒಂದೂವರೆ ಗ್ರಾಂನಷ್ಟು ಇಳಿದು, ವೇಗ 259ಕ್ಕೆ ಏರಿತು. ಇದೇ ಸಂದರ್ಭದಲ್ಲಿ ನಾಕ್‌ನ ಬಿಗಿಯನ್ನೂ ನೋಡಿದೆ. ಬಾಣವನ್ನು ಹೆದೆಗೆ ಕಚ್ಚಿಸಿ ನೆಲದ ಕಡೆಗೆ ತೂಗುಬಿಟ್ಟು, ಹೆದೆಯನ್ನು ಬೆರಳಿನಿಂದ ತಟ್ಟಿದರೆ ಬಾಣ ಕಳಚಿ ಬೀಳಬೇಕು. ಹೆದೆಯ ಮೇಲೆ ರಕ್ಷಣೆಗೆ ಸುತ್ತಿದ ದಾರ, ಅಂದರೆ ಸರ್ವಿಂಗ್, ದಪ್ಪವಾಗಿದ್ದರೆ ಅಲುಗದೆ ನೇತಾಡುತ್ತದೆ. ನನ್ನದು ಬಿತ್ತು. ಗರಿಗಳಿಗೆ ಪೌಡರ್ ಹಚ್ಚಿ ಹೊಡೆದು, ಬಾಣ ಕೂರುವ ರೆಸ್ಟ್‌ಗೆ ಎಲ್ಲಿಯೂ ಉಜ್ಜುತ್ತಿಲ್ಲವೆಂದೂ ಖಾತ್ರಿ ಮಾಡಿಕೊಂಡೆ.

ಇನ್ನುಳಿದ ಒಂಬತ್ತು ಅಡಿ ಬಿಲ್ಲಿನ ಒಳಗಿನದು. ಅದನ್ನು ಹುಡುಕಲು ಬಿಲ್ಲನ್ನು ನಿಧಾನವಾಗಿ ಎಳೆದು, ಬೇಕಾದಲ್ಲಿ ನಿಲ್ಲಿಸಿ ನೋಡುವಂಥ ಸಾಧನ ಬೇಕು. ಡ್ರಾ ಬೋರ್ಡ್ ಎಂದು ಕರೆಯುವ ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಐದು ಅಡಿ ಉದ್ದದ, ಎರಡು ಇಂಚು ದಪ್ಪದ ಹಲಗೆಯ ಒಂದು ತುದಿಗೆ ರಬ್ಬರ್ ಕೊಳವೆ ತೊಡಿಸಿದ ಕಬ್ಬಿಣದ ಗೂಟ, ಅದಕ್ಕೆ ಬಿಲ್ಲಿನ ಹಿಡಿ ಒರಗುತ್ತದೆ. ಇನ್ನೊಂದು ತುದಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ, ಹಲ್ಲುಕಚ್ಚು ಇರುವ ಕೈ ವಿಂಚ್. ವಿಂಚ್‌ನ ಹಗ್ಗಕ್ಕೂ ಹೆದೆಗೂ ನಡುವೆ 50 ಕಿಲೋ ತನಕ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ. ಈ ಅಗ್ಗದ ತಕ್ಕಡಿಗಳನ್ನು ಹಾಗೆಯೇ ನಂಬಬಾರದು. ಪಕ್ಕದ ದಿನಸಿ ಅಂಗಡಿಯ ಮುದ್ರೆ ಬಿದ್ದ 20 ಮತ್ತು 5 ಕಿಲೋ ಕಬ್ಬಿಣದ ಬಟ್ಟುಗಳನ್ನು ತೂಗುಹಾಕಿ ನೋಡಿದಾಗ ನನ್ನದು 24.94 ತೋರಿಸಿತು, ಅಷ್ಟು ಸಾಕು. ಹೆದೆಗೆ ಹಾಕುವ ಕುಣಿಕೆಯನ್ನು ಮಾತ್ರ ಹೊಸ ಡಿ-ಲೂಪ್ ಹುರಿಯಿಂದಲೇ ಕಟ್ಟಬೇಕು, ಹಗ್ಗ ಬಿಲ್ಲಿನ ಎಳೆತದ ಹಲವು ಪಟ್ಟು ತಡೆಯುವಂಥದ್ದಾಗಿರಬೇಕು. ನಡುವೆ ಏನಾದರೂ ತುಂಡಾದರೆ ಬಾಣವಿಲ್ಲದೆ ಹೆದೆ ಬಿಟ್ಟ ಹಾಗಾಗುತ್ತದೆ, ಲಿಂಬ್ ಒಡೆದು ಚೂರುಗಳು ಹಾರಬಹುದು. ವಿಂಚ್ ತಿರುಗಿಸುವಾಗ ಹೆದೆಯ ನೇರಕ್ಕೆ ಮುಖವಿಟ್ಟು ನಿಲ್ಲಬಾರದು, ಕನ್ನಡಕ ಹಾಕಿಕೊಳ್ಳಬೇಕು.

ಹಲಗೆಯ ಮೇಲೆ ಮಲಗಿದ ಬಿಲ್ಲು ಒಂದೊಂದಾಗಿ ಎಲ್ಲವನ್ನೂ ಹೇಳಿತು. ಗರಿಷ್ಠ ಎಳೆತ 24.9 ಕಿಲೋ, ಅಂದರೆ 55 ಪೌಂಡ್. ಚೀಟಿಯಲ್ಲಿದ್ದ 58 ಪೌಂಡ್‌ಗೆ 26.3 ಕಿಲೋ ಬರಬೇಕಿತ್ತು. ಡ್ರಾ ಲೆಂತ್ ಕಾಲು ಇಂಚು ಗಿಡ್ಡವಾಗಿತ್ತು. ಆಕ್ಸಲ್‌ಗಳ ನಡುವೆ 965 ಮಿಲಿಮೀಟರ್ ಇರಬೇಕಾದಲ್ಲಿ 969. ಬ್ರೇಸ್ ಹೈಟ್ ಬಹುತೇಕ ಹಾಗೆಯೇ ಇತ್ತು. ಲಿಂಬ್ ಬೋಲ್ಟ್‌ಗಳು ಪೂರ್ತಿ ಬಿಗಿಯಿಂದ ಎಷ್ಟು ಸುತ್ತು ಸಡಿಲವಾಗಿವೆಯೆಂದು ಎಣಿಸಿದೆ. ಮೇಲೂ ಕೆಳಗೂ ಸಮ, ಚೀಟಿಯಲ್ಲಿ ಬರೆದಷ್ಟೇ. ಅಂದರೆ ಬೋಲ್ಟ್ ತಿರುಗಿಲ್ಲ, ಆದರೂ ಲಿಂಬ್‌ಗಳು ಮುಂಚಿಗಿಂತ ಕಡಿಮೆ ಬಗ್ಗಿ ನಿಂತಿವೆ. ಮೇಲಿನ ಕ್ಯಾಮ್‌ನ ಬಳಿ ಕಣ್ಣಿಟ್ಟು ನೋಡಿದರೆ ಕಾರಣ ಅಲ್ಲಿಯೇ ಕೆತ್ತಿಟ್ಟಂತಿತ್ತು. ಕ್ಯಾಮ್‌ನ ಪಕ್ಕದಲ್ಲಿ ತಯಾರಕರು ಎರಡು ಸಣ್ಣ ಗೀರುಗಳನ್ನು ಹಾಕಿರುತ್ತಾರೆ. ಬಿಲ್ಲು ಸುಮ್ಮನಿದ್ದಾಗ ಕೇಬಲ್ ಅವೆರಡರ ನಡುವೆ ಹಾದುಹೋಗಬೇಕು. ಕೆಳಗಿನ ಕ್ಯಾಮ್‌ನಲ್ಲಿ ಕೇಬಲ್ ಒಂದು ಗೀರನ್ನು ಮುಚ್ಚಿಕೊಂಡಿತ್ತು, ಮೇಲಿನದರಲ್ಲಿ ಅದನ್ನೂ ದಾಟಿ ಕೇಬಲ್‌ನ ಪೂರ್ತಿ ದಪ್ಪದಷ್ಟು ಆಚೆಗಿತ್ತು. ವಿಂಚ್ ತಿರುಗಿಸಿ ಪೂರ್ಣ ಎಳೆತಕ್ಕೆ ತಂದಾಗ ಮೇಲಿನ ಡ್ರಾ ಸ್ಟಾಪ್ ಕೇಬಲ್‌ಗೆ ಒತ್ತಿಕೊಂಡ ಮೇಲೂ ಕೆಳಗಿನದಕ್ಕೆ ಸುಮಾರು ಮೂರು ಮಿಲಿಮೀಟರ್ ಸಂದು ಉಳಿದಿತ್ತು. ಗೋಡೆಯಂತೆ ಗಟ್ಟಿಯಾಗಿ ನಿಲ್ಲಬೇಕಾದ ಎಳೆತ ಇತ್ತೀಚೆಗೆ ಮೆತ್ತಗೆ ಎನಿಸುತ್ತಿದ್ದುದು ಇದರಿಂದಲೇ.

ಕೇಬಲ್ ಉದ್ದವಾದಾಗ ಎರಡು ಕೆಡಕುಗಳು ಒಟ್ಟಿಗೆ ಆಗುತ್ತವೆ. ಲಿಂಬ್‌ಗಳು ಸಡಿಲಗೊಂಡು ಹೊರಗೆ ಸರಿಯುವುದರಿಂದ ಆಕ್ಸಲ್‌ಗಳ ಅಂತರ ಹೆಚ್ಚಿ ಎಳೆತದ ಭಾರ ಇಳಿಯುತ್ತದೆ. ಅದೇ ವೇಳೆಗೆ ಕ್ಯಾಮ್ ತನ್ನ ನಿಲುವಿನಿಂದ ಮುಂದಕ್ಕೆ ತಿರುಗಿ ಕುಳಿತುಕೊಳ್ಳುವುದರಿಂದ, ಎಳೆಯುವುದಕ್ಕೆ ಮುಂಚೆಯೇ ಅದರ ಸುತ್ತಿನ ಒಂದಂಶ ಖರ್ಚಾಗಿ ಎಳೆತದ ಉದ್ದವೂ ಕಡಿಮೆಯಾಗುತ್ತದೆ. ಹೆದೆ ಮಾತ್ರ ಉದ್ದವಾಗಿದ್ದರೆ ಇದಕ್ಕೆ ವ್ಯತಿರಿಕ್ತವಾಗಿ ಡ್ರಾ ಲೆಂತ್ ಹೆಚ್ಚಬೇಕಿತ್ತು. ಜಗ್ಗಿದ್ದು ಕೇಬಲ್‌ಗಳೇ ಎಂಬುದು ಈ ಬಿಲ್ಲಿನ ಚರಿತ್ರೆಗೂ ಹೊಂದುತ್ತದೆ: ನಡುವೆ ಒಮ್ಮೆ ಸರ್ವಿಂಗ್ ಬಿಚ್ಚಿಕೊಂಡಾಗ ಹೆದೆಯನ್ನಷ್ಟೇ ಬದಲಿಸಿ, ನೋಡಲು ಚೆನ್ನಾಗಿಯೇ ಇದ್ದ ಕೇಬಲ್‌ಗಳನ್ನು ಉಳಿಸಿಕೊಳ್ಳಲಾಗಿತ್ತು. ಪೂರ್ಣ ಎಳೆತದಲ್ಲಿ ಬಹುಪಾಲು ಬಿಗಿ ಬೀಳುವುದು ಕೇಬಲ್‌ಗಳ ಮೇಲೆ. ಹೆದೆಯನ್ನೂ ಕೇಬಲನ್ನೂ ನೇಯುವ ಡೈನೀಮಾ ಎಳೆ ಬಲದಲ್ಲಿ ಉಕ್ಕಿಗೆ ಕಡಿಮೆಯಿಲ್ಲವಾದರೂ, ಸತತ ಬಿಗಿಯಲ್ಲಿ ಅಣುಅಣುವಾಗಿ ಜಗ್ಗುವುದು ಅದರ ಸ್ವಭಾವ. ಸೆಕೆ ಹೆಚ್ಚಿದಷ್ಟೂ ಜಗ್ಗುವುದು ಹೆಚ್ಚು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಲ್ಲನ್ನು ಬಿಟ್ಟುಹೋಗುವ ನಮ್ಮ ಪದ್ಧತಿ ಇದಕ್ಕೆ ಸಾಕಷ್ಟು ನೆರವಾಗುತ್ತದೆ. ಮೇಣ ಹಚ್ಚುವುದರಿಂದ ಎಳೆಗಳು ನವೆಯುವುದು ತಪ್ಪೀತೇ ಹೊರತು ಜಗ್ಗುವುದು ತಪ್ಪುವುದಿಲ್ಲ.

ಇಷ್ಟಾದರೂ ಲಿಂಬ್ ಮತ್ತು ಘರ್ಷಣೆಯ ಪ್ರಶ್ನೆಗಳನ್ನು ಹಾಗೆಯೇ ಬಿಡಲಾಗದು. ಹೆದೆಯನ್ನು ಇಂಚಿಂಚಾಗಿ ಎಳೆಯುತ್ತ ಪ್ರತಿ ಇಂಚಿನ ಭಾರವನ್ನೂ ಬರೆದುಕೊಂಡು, ಮತ್ತೆ ಇಂಚಿಂಚಾಗಿ ಬಿಡುತ್ತ ಬರೆದುಕೊಂಡೆ. ಎಳೆಯುವಾಗಿನ ಮತ್ತು ಬಿಡುವಾಗಿನ ಅಂಕಿಗಳ ನಡುವಿನ ವ್ಯತ್ಯಾಸವೇ ಆಕ್ಸಲ್, ಬುಶ್ ಮತ್ತು (ಕೇಬಲ್‌ಗಳನ್ನು ಬಾಣದ ದಾರಿಯಿಂದ ಬದಿಗೆ ಹಿಡಿಯುವ) ಕೇಬಲ್ ಸ್ಲೈಡ್‌ಗಳ ಘರ್ಷಣೆ. ಅದು ಶೇಕಡಾ ಐದರೊಳಗಿತ್ತು. ಭಾರಗಳನ್ನು ಗ್ರಾಫ್‌ಗೆ ಹಾಕಿ ರೇಖೆಯ ಕೆಳಗಿನ ವಿಸ್ತೀರ್ಣ ಲೆಕ್ಕ ಹಾಕಿದರೆ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿ 91.4 ಜೂಲ್ ಎಂದಾಯಿತು. ಸೆಕೆಂಡಿಗೆ 259 ಅಡಿ, ಅಂದರೆ 78.9 ಮೀಟರ್ ವೇಗದಲ್ಲಿ ಹೊರಟ 24.11 ಗ್ರಾಂ ಬಾಣ ಹೊತ್ತೊಯ್ದದ್ದು 75 ಜೂಲ್. ಕೂಡಿಟ್ಟದ್ದರಲ್ಲಿ ಶೇಕಡಾ 82ರಷ್ಟು ಬಾಣಕ್ಕೆ ಸಿಕ್ಕಿದೆ. ಈ ತಲೆಮಾರಿನ ಬಿಲ್ಲಿಗೆ ಅದು ಆರೋಗ್ಯಕರವಾದ ಪ್ರಮಾಣ. ಬುಶ್‌ಗಳು ಒಣಗಿ ಹಿಡಿದುಕೊಂಡಿದ್ದರೆ ಅಥವಾ ಹೆದೆಯ ಮೇಲೆ ಇನ್ನೂ ಹೊರೆಯಿದ್ದರೆ ಈ ಪ್ರಮಾಣ ಕುಸಿಯಬೇಕಿತ್ತು. ಕುಸಿದಿರುವುದು ಕೂಡಿಡುವ ಶಕ್ತಿಯೇ ಹೊರತು ಕೊಡುವ ಗುಣವಲ್ಲ ಎಂಬುದು ಇಲ್ಲಿಗೆ ಸ್ಪಷ್ಟವಾಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಉಪಯುಕ್ತವಾದ ಅಂಕಿ ಬೇರೊಂದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತಕ್ಕೇ ಬಂದ ಮೇಲೆ ಬಳಸಿದ ಬಿಲ್ಲು ಹುಡುಕುವವರು ನನಗೆ ಹೆಚ್ಚು ಎದುರಾಗುತ್ತಿದ್ದಾರೆ. ಅಂಥವರು ಬಣ್ಣ, ಹೊಳಪು ನೋಡುವುದಕ್ಕಿಂತ ಈ ಲೆಕ್ಕವೊಂದನ್ನು ಮಾಡಿ ನೋಡುವುದು ಮೇಲು.

ಲಿಂಬ್‌ಗಳಲ್ಲಿ ಬಿರುಕಿದೆಯೇ ಎಂಬುದನ್ನು ಬೆರಳಿನಿಂದ ಸವರಿ ನೋಡಬಾರದು, ಗಾಜಿನ ನಾರಿನ ಸಿಬಿರು ಚರ್ಮಕ್ಕೆ ಇಳಿದರೆ ಕೀಳುವುದು ಕಷ್ಟ. ಹತ್ತಿಯ ಉಂಡೆಯನ್ನು ಅಂಚುಗಳ ಉದ್ದಕ್ಕೂ ಎಳೆದರೆ ಸಿಬಿರೆದ್ದ ಕಡೆ ಜುಂಗು ಸಿಕ್ಕಿಕೊಳ್ಳುತ್ತದೆ. ಮುಖ್ಯವಾಗಿ ಲಿಂಬ್ ಕವಲಿನ ಬುಡದಲ್ಲಿ ಮತ್ತು ಆಕ್ಸಲ್ ತೂತಿನ ಸುತ್ತ ನೋಡಬೇಕು. ಎಲ್ಲಿಯೂ ಸಿಗಲಿಲ್ಲ.

ಈ ಹಂತದಲ್ಲಿ ಲಿಂಬ್ ಬೋಲ್ಟ್‌ಗಳನ್ನು ಮುಕ್ಕಾಲು ಸುತ್ತು ಬಿಗಿದು 58 ಪೌಂಡ್ ತಂದುಕೊಳ್ಳುವುದು ತೀರಾ ಸುಲಭ, ಬಹಳ ಮಂದಿ ಮಾಡುವುದೂ ಅದನ್ನೇ. ಎಳೆತದ ಭಾರವೇನೋ ಮರಳಿ ಬರುತ್ತದೆ. ಆದರೆ ಕ್ಯಾಮ್ ಮುಂದಕ್ಕೆ ತಿರುಗಿಯೇ ಇರುತ್ತದೆ, ಡ್ರಾ ಲೆಂತ್ ಗಿಡ್ಡವಾಗಿಯೇ ಉಳಿಯುತ್ತದೆ, ಎರಡು ಕ್ಯಾಮ್‌ಗಳ ಹೊಂದಾಣಿಕೆಯೂ ಸರಿಯಾಗುವುದಿಲ್ಲ. ಜೊತೆಗೆ ಜಗ್ಗಿದ ಕೇಬಲ್‌ಗಳ ಮೇಲೆ ಇನ್ನಷ್ಟು ಬಿಗಿ ಬಿದ್ದು ಜಗ್ಗುವುದು ಚುರುಕಾಗುತ್ತದೆ. ಬೋಲ್ಟನ್ನು ಮುಟ್ಟದೆ ಕೇಬಲ್‌ಗಳನ್ನು ಮೊದಲಿನ ಉದ್ದಕ್ಕೆ ತಂದಾಗ 58 ಪೌಂಡ್ ತಾನಾಗಿ ಬರುತ್ತದೆಯೇ ಎಂಬುದೇ ಲಿಂಬ್‌ಗಳಿಗೆ ನಿಜವಾದ ಪರೀಕ್ಷೆ. ಬಂದರೆ ಲಿಂಬ್ ಗಟ್ಟಿ. ಬರದಿದ್ದರೆ ತರಬೇತುದಾರರ ಮಾತು ನಿಜ.

ಕೇಬಲ್‌ಗೆ ಕೈಹಾಕಲು ಬೋ ಪ್ರೆಸ್ ಇಲ್ಲದೆ ಆಗುವುದಿಲ್ಲ. ಹಗ್ಗ ಕಟ್ಟಿ, ಬೋಲ್ಟ್ ಸಡಿಲಿಸಿ ಹೇಗೋ ಬಿಚ್ಚುವ ಉಪಾಯಗಳನ್ನು ಯಾರಿಗೂ ಹೇಳಿಕೊಡಲಾರೆ. ತರಬೇತಿ ಕೇಂದ್ರವೊಂದರ ಪ್ರೆಸ್ ಬಳಸಿದೆ. ಲಿಂಬ್ ತುದಿಗಳನ್ನು ಬೆರಳುಗಳಂತೆ ಹಿಡಿದು ಒಳಗೆ ಒತ್ತುವ ಮಾದರಿಯದು. ಮೇಲಿನ ಕ್ಯಾಮ್‌ನಿಂದ ಹೊರಡುವ ಕೇಬಲನ್ನು ಕಳಚಿ, ಈಗಿರುವ ಹುರಿಯ ದಿಕ್ಕಿನಲ್ಲಿಯೇ ಕೆಲವು ಸುತ್ತು ಹುರಿ ಏರಿಸಿ ಮತ್ತೆ ಸಿಕ್ಕಿಸಿದೆ. ಕೆಳಗಿನದಕ್ಕೆ ಅದಕ್ಕಿಂತ ಕಡಿಮೆ. ಯಾವ ಕ್ಯಾಮ್ ಮುಂದೋಡಿದೆಯೋ ಅದರಿಂದ ಹೊರಡುವ ಕೇಬಲನ್ನು ಗಿಡ್ಡ ಮಾಡಿದರೆ ಆ ಕ್ಯಾಮ್ ಹಿಂದೆ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಕವಲಿನ ಎರಡು ಕಾಲುಗಳಿಗೆ ಹುರಿ ಹಾಕುವಾಗ ಮಾತ್ರ ಎರಡಕ್ಕೂ ಸಮನಾಗಿ ಹಾಕಬೇಕು, ಇಲ್ಲದಿದ್ದರೆ ಕ್ಯಾಮ್ ಪಕ್ಕಕ್ಕೆ ವಾಲುತ್ತದೆ. ಮತ್ತೆ ಹಲಗೆ, ಮತ್ತೆ ಪ್ರೆಸ್. ಹೀಗೆ ಕೇಬಲ್ ಎರಡೂ ಕ್ಯಾಮ್‌ಗಳಲ್ಲಿ ಗೀರುಗಳ ನಡುವೆ ಬಂದು, ಎರಡೂ ಸ್ಟಾಪ್‌ಗಳು ಒಟ್ಟಿಗೆ ತಾಗುವ ತನಕ ಮಾಡಿದೆ. ತಕ್ಕಡಿ 26.2 ಕಿಲೋ ತೋರಿಸಿತು. ಬೋಲ್ಟ್‌ಗಳನ್ನು ಕೂದಲೆಳೆಯಷ್ಟೂ ತಿರುಗಿಸಿರಲಿಲ್ಲ. ಲಿಂಬ್‌ಗಳ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಹುರಿ ಏರಿಸಿದ್ದು ರೋಗ ಹಿಡಿಯುವುದಕ್ಕಷ್ಟೇ, ಚಿಕಿತ್ಸೆಯೆಂದಲ್ಲ. ಅಷ್ಟು ಹಳೆಯ ಕೇಬಲ್ ಮತ್ತೆ ಜಗ್ಗುತ್ತದೆ. ಕ್ಯಾಮ್‌ನ ತೋಡಿನೊಳಗೆ ಕೂರುವ ಕಡೆ ಸರ್ವಿಂಗ್‌ನ ಸುತ್ತುಗಳು ಬಿಟ್ಟುಕೊಂಡು, ಒಳಗಿನ ಎಳೆಗಳು ಬಿಳುಪೇರಿ ಕಾಣತೊಡಗಿದ್ದವು. ಡೈನೀಮಾದ ಜೊತೆಗೆ ವೆಕ್ಟ್ರಾನ್ ಬೆರೆಸಿದ ಎಳೆಯಿಂದ ಹೆದೆ ಮತ್ತು ಕೇಬಲ್‌ಗಳ ಪೂರ್ತಿ ಜೋಡಿಯನ್ನು ಮಾಡಿಸಿದೆ. ವೆಕ್ಟ್ರಾನ್ ಸ್ವಲ್ಪ ಭಾರ, ಉಜ್ಜಾಟವನ್ನೂ ಅಷ್ಟಾಗಿ ತಾಳದು, ಆದರೆ ಜಗ್ಗುವುದನ್ನು ತಡೆಯಲೆಂದೇ ಅದನ್ನು ಸೇರಿಸುತ್ತಾರೆ. ಉದ್ದವನ್ನು ಹೇಳುವಾಗ 100 ಪೌಂಡ್ ಬಿಗಿಯಲ್ಲಿ, ಕಾಲು ಇಂಚು ದಪ್ಪದ ಗೂಟಗಳ ನಡುವೆ ಅಳೆದ ಉದ್ದವೆಂದು ತಯಾರಕರಿಗೆ ಸ್ಪಷ್ಟಪಡಿಸಬೇಕು. ಸುಮ್ಮನೆ ಮೇಜಿನ ಮೇಲೆ ಹಾಸಿ ಅಳೆದ ಉದ್ದಕ್ಕೆ ಅರ್ಥವಿಲ್ಲ. ಹಳೆಯ ಕೇಬಲ್‌ಗಳಿಗೆ ಏರಿಸಿದ್ದ ಹುರಿಯನ್ನು ಬಿಚ್ಚಿ, ಅದೇ ಡ್ರಾ ಬೋರ್ಡಿನ ವಿಂಚ್‌ನಲ್ಲಿ 45 ಕಿಲೋ ಬಿಗಿದು ಅಳೆದಾಗ ಮೇಲಿನದು ನಿಗದಿತ ಉದ್ದಕ್ಕಿಂತ 4.8 ಮಿಲಿಮೀಟರ್, ಕೆಳಗಿನದು 3.2 ಮಿಲಿಮೀಟರ್ ಹೆಚ್ಚಿದ್ದವು. ಒಂದು ಮೀಟರಿಗೂ ಹೆಚ್ಚು ಉದ್ದದ ಕೇಬಲ್‌ನಲ್ಲಿ ಶೇಕಡಾ ಅರ್ಧದಷ್ಟೂ ಇಲ್ಲದ ಈ ಹಿಗ್ಗು ಎಂಟು ಅಡಿ ವೇಗವನ್ನು ನುಂಗಿತ್ತು.

ಕ್ಯಾಮ್‌ಗಳು ಹೇಗೂ ಬಿಚ್ಚಿದ್ದರಿಂದ ಆಕ್ಸಲ್‌ಗಳನ್ನು ಒರೆಸಿ ಒಂದು ಹನಿ ಎಣ್ಣೆ ಬಿಟ್ಟೆ, ಗೆರೆ ಬಿದ್ದಿದ್ದ ಕೇಬಲ್ ಸ್ಲೈಡನ್ನು ಬದಲಿಸಿದೆ, ಆಕ್ಸಲ್ ಜಾರದಂತೆ ಹಿಡಿಯುವ ಇ-ಕ್ಲಿಪ್‌ಗಳನ್ನು ಹೊಸದಾಗಿ ಹಾಕಿದೆ. ಇವುಗಳಿಂದ ವೇಗ ಹೆಚ್ಚಿತೆಂದು ಹೇಳಲಾರೆ. ಹೊಸ ಜೋಡಿಯಲ್ಲಿ ಆಕ್ಸಲ್‌ಗಳ ಅಂತರ 965 ಮಿಲಿಮೀಟರ್, ಡ್ರಾ ಲೆಂತ್ 28½ ಇಂಚು, ಕೂಡಿಟ್ಟ ಶಕ್ತಿ 97.6 ಜೂಲ್. ಹಳೆಯ 372 ಗ್ರೇನ್ ಬಾಣ ಸೆಕೆಂಡಿಗೆ 267 ಅಡಿ ಹೋಯಿತು. ಚೀಟಿಯ ಅಂಕಿಗೂ ಇದಕ್ಕೂ ಇರುವ ಒಂದು ಅಡಿಯ ವ್ಯತ್ಯಾಸ ಕ್ರೋನೋಗ್ರಾಫ್‌ನ ತಪ್ಪಿನ ಮಿತಿಯೊಳಗೇ ಇರುವುದರಿಂದ ಅದರ ಬೆನ್ನು ಹತ್ತಲಿಲ್ಲ. ಅಭ್ಯಾಸಕ್ಕೆ ಮಾತ್ರ 390 ಗ್ರೇನಿನ ಬಾಣಗಳನ್ನೇ ಉಳಿಸಿಕೊಂಡಿದ್ದೇನೆ, ಅವು 262 ಅಡಿ ಹೋಗುತ್ತವೆ. ಮೊನೆ ಭಾರವಾದ ಬಾಣ ಅಡ್ಡಗಾಳಿಯಲ್ಲಿ ಕಡಿಮೆ ಅಲೆಯುತ್ತದೆ, ಮತ್ತು ಐವತ್ತು ಮೀಟರಿನ ಹತ್ತರ ವೃತ್ತ ಎಂಟು ಸೆಂಟಿಮೀಟರ್ ಅಗಲದ್ದಾದ್ದರಿಂದ ಆ ಅನುಕೂಲಕ್ಕೆ ಐದು ಅಡಿ ವೇಗವನ್ನು ಬಿಟ್ಟುಕೊಡುವುದು ನಷ್ಟವೆಂದು ನನಗೆ ತೋರುವುದಿಲ್ಲ.

ಹೊಸ ಎಳೆಗಳು ಮೊದಲ ಇನ್ನೂರು ಬಾಣಗಳ ತನಕ ಸ್ವಲ್ಪ ಕೂರುತ್ತವೆ. ಹಾಕಿದಾಗ 58.6 ಪೌಂಡ್ ಇದ್ದದ್ದು ಅಷ್ಟರ ನಂತರ 58ಕ್ಕೆ ಬಂದು ನಿಂತಿತು. ಸ್ಪರ್ಧೆಗಳಲ್ಲಿ ಕಾಂಪೌಂಡ್ ಬಿಲ್ಲಿಗೆ ವಿಧಿಸಿರುವ 60 ಪೌಂಡ್ ಮಿತಿಯೊಳಗೇ ಇದೆ. ಹೆದೆಯ ಜೊತೆಗೆ ಪೀಪ್ ತುಸು ತಿರುಗಿದ್ದರಿಂದ ಹೆದೆಯ ಒಂದು ತುದಿಗೆ ಅರ್ಧ ಸುತ್ತು ಹುರಿ ಹಾಕಿ ಅದನ್ನು ನೇರ ಮಾಡಬೇಕಾಯಿತು, ಸ್ಟಾಪ್‌ಗಳ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ತು ಮತ್ತು ಐವತ್ತು ಮೀಟರಿನ ಹೊಸ ಗುರುತುಗಳ ನಡುವೆ ಈಗ 20.1 ಮಿಲಿಮೀಟರ್ ಅಂತರವಿದೆ. ಇನ್ನು ಮುಂದೆ ಈ ಅಂತರ ಅರ್ಧ ಮಿಲಿಮೀಟರ್ ಹಿಗ್ಗಿದ ದಿನ ಸೈಟನ್ನು ಇಳಿಸುವ ಮೊದಲು ಕ್ಯಾಮ್‌ಗಳ ಗೀರು ನೋಡುತ್ತೇನೆ.